ಶೆಡ್ಡಿನ ಮೇಷ್ಟ್ರನ್ನು ಕೇಳಿ: ಕಿಡಿ ಹಾರಿಸುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಲ್ಲೇ ವೆಲ್ಡಿಂಗ್ ಮಾಡಿಕೊಳ್ಳುವವರದ್ದು. ಮೊದಲೆಲ್ಲ ವೆಲ್ಡಿಂಗ್ ಮಷೀನು ಅಂದರೆ ಎಣ್ಣೆ ತುಂಬಿದ ದೊಡ್ಡ ಟ್ರಾನ್ಸ್‌ಫಾರ್ಮರು. ಈಗಿನ ಇನ್ವರ್ಟರ್ ಮಷೀನನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ರೈತರು, ಗೃಹಿಣಿಯರು, ಕಾಲೇಜು ಹುಡುಗರು ಎಲ್ಲರೂ ಕಲಿಯುತ್ತಿದ್ದಾರೆ. ನನಗೆ ಇದು ನಿಜವಾಗಿಯೂ ಖುಷಿಯ ವಿಷಯ. ನಿವೃತ್ತನಾಗುವವರೆಗೂ ನಾನು ಐಟಿಐನಲ್ಲಿ ವೆಲ್ಡರ್ ಟ್ರೇಡ್ ಕಲಿಸಿದವನು. ಅದು ಒಂದು ವರ್ಷದ ಕೋರ್ಸು. ಆ ವರ್ಷದಲ್ಲಿ ಹುಡುಗರಿಗೆ ನಾನು ಎಲ್ಲಕ್ಕಿಂತ ಜಾಸ್ತಿ ಹೇಳುತ್ತಿದ್ದದ್ದು ಕಿಡಿ ಹಾರಿಸುವ ಮುಂಚಿನ ಕೆಲಸದ ಬಗ್ಗೆ. ನಿಮ್ಮ ಪತ್ರಗಳನ್ನು ಓದಿದಾಗಲೂ ಅದೇ ಕಾಣುತ್ತದೆ. ತೊಂದರೆ ಶುರುವಾಗಿರುವುದು ರಾಡ್ ತಾಗಿಸುವ ಮುಂಚೆಯೇ.

ಪ್ರಶ್ನೆ: ಮೇಷ್ಟ್ರೇ, ತೋಟಕ್ಕೆ ಒಂದು ಕೈಗಾಡಿ ಮಾಡಿಕೊಳ್ಳೋಣ ಅಂತ 200 ಆಂಪಿಯರ್ ಇನ್ವರ್ಟರ್ ಮಷೀನ್ ತಂದೆ. ರಾಡ್ ತಾಗಿಸಿದ ಕೂಡಲೇ ಅಂಟಿಕೊಳ್ಳುತ್ತದೆ. ಹೇಗೋ ಎಳೆದರೆ ಕೋಳಿ ಹಿಕ್ಕೆ ಥರ ಗುಡ್ಡೆ ಗುಡ್ಡೆಯಾಗಿ ಕೂರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಕಿತ್ತು ಬರುತ್ತದೆ. ಮಷೀನ್ ಕೆಟ್ಟಿದೆಯಾ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಮಷೀನನ್ನು ಅಂಗಡಿಗೆ ವಾಪಸ್ ಒಯ್ಯುವ ಮುಂಚೆ ನಾಲ್ಕು ವಿಷಯ ನೋಡಿ.

ಮೊದಲನೆಯದು ರಾಡು. ನೀವು ತಂದಿರುವುದು ಬಹುಶಃ 6013 ನಂಬರಿನ ರಾಡ್ ಇರುತ್ತದೆ, ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಅದನ್ನೇ. ರಾಡಿನ ಮೇಲಿನ ಮದ್ದು ಗಾಳಿಯ ತೇವ ಹೀರುತ್ತದೆ. ನಿಮ್ಮ ಊರಿನ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಹಾಗೇ ಬಿಟ್ಟರೆ ಕೇಳಬೇಕೇ? ಒದ್ದೆ ರಾಡು ಉರಿಯುವಾಗ ಸಿಡಿಯುತ್ತದೆ, ಆವಿ ಬಿಡುತ್ತದೆ, ವೆಲ್ಡಿನಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ. 6013 ಅನ್ನು ಸುಮಾರು 100 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಸರಿಹೋಗುತ್ತದೆ. ಅಡುಗೆಯ ಓವನ್ ಮಾತ್ರ ಬಳಸಬೇಡಿ. ಒಣಗಿದ ರಾಡನ್ನು ಎರಡೂ ಕಡೆ ಮುಚ್ಚಳ ಇರುವ ಪಿವಿಸಿ ಪೈಪಿನಲ್ಲಿ ಹಾಕಿಡಿ. 7018 ಅನ್ನುವ ಇನ್ನೊಂದು ಬಗೆಯ ರಾಡಿನ ತಂಟೆಗೆ ಸದ್ಯಕ್ಕೆ ಹೋಗಬೇಡಿ. ಅದನ್ನು ಒಣಗಿಸಲು 300 ಡಿಗ್ರಿಯ ಹತ್ತಿರ ಕಾಯಿಸಬೇಕು, ಮನೆಯಲ್ಲಿ ಆಗದ ಕೆಲಸ.

ಎರಡನೆಯದು ಅರ್ತ್ ಕ್ಲ್ಯಾಂಪು, ಅಂದರೆ ಮಷೀನಿನ ಇನ್ನೊಂದು ವೈರನ್ನು ಕಬ್ಬಿಣಕ್ಕೆ ಕಚ್ಚಿಸುವ ಹಿಡಿ. ಪೇಂಟ್ ಇರುವ ಜಾಗಕ್ಕೋ ತುಕ್ಕಿಗೋ ಕಚ್ಚಿಸಿದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಕ್ಲ್ಯಾಂಪ್ ಕೂರುವ ಜಾಗ, ವೆಲ್ಡ್ ಆಗುವ ಜಾಗ ಎರಡನ್ನೂ ಗ್ರೈಂಡರ್‌ನಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿ.

ಮೂರನೆಯದು ಆಂಪಿಯರ್. ಹೊಸಬರು ಹೆದರಿಕೊಂಡು 50ಕ್ಕೆ ಇಡುತ್ತಾರೆ. 2.5 ಮಿ.ಮೀ. ರಾಡಿಗೆ 70ರಿಂದ 85 ಬೇಕು. 3.15 ರಾಡಿಗೆ 100ರಿಂದ 125. ನಾಲ್ಕನೆಯದು ವೋಲ್ಟೇಜು. ತೋಟದ ಮೂಲೆಗೆ ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಎಳೆದು, ಅಕ್ಕಪಕ್ಕದ ಪಂಪುಗಳೆಲ್ಲ ಓಡುವ ಹೊತ್ತಿನಲ್ಲಿ ಕೆಲಸಕ್ಕೆ ಕೂತರೆ ಮಷೀನಿನ ಮೇಲೆ 80 ಅಂತ ತೋರಿಸಿದರೂ ರಾಡಿನ ತುದಿಯಲ್ಲಿ ಅಷ್ಟು ಶಕ್ತಿ ಇರುವುದಿಲ್ಲ.

ಇಷ್ಟಾದ ಮೇಲೆ ಕೈಗಾಡಿಯನ್ನು ಪಕ್ಕಕ್ಕಿಟ್ಟು, 5 ಮಿ.ಮೀ. ದಪ್ಪದ ಒಂದು ಫ್ಲಾಟ್ ಪಟ್ಟಿ ತಗೊಳ್ಳಿ. ರಾಡನ್ನು ಕುಟ್ಟಬೇಡಿ. ಗೀರಿ, ಕಿಡಿ ಹತ್ತಿದ ತಕ್ಷಣ ಸ್ವಲ್ಪ ಎತ್ತಿ. ಎಷ್ಟು ಎತ್ತಬೇಕು? ರಾಡಿನ ಒಳಗಿನ ತಂತಿ ಎಷ್ಟು ದಪ್ಪವೋ ಅಷ್ಟೇ. ಅದಕ್ಕಿಂತ ಮೇಲೆ ಹೋದರೆ ಸಿಡಿತ, ಕೆಳಗೆ ಬಂದರೆ ಅಂಟು. ಅಂಟಿದರೆ ಜಗ್ಗಬೇಡಿ. ಮಣಿಕಟ್ಟು ತಿರುಗಿಸಿ, ಬಿಡದಿದ್ದರೆ ಹೋಲ್ಡರನ್ನು ರಾಡಿನಿಂದ ಬಿಡಿಸಿಬಿಡಿ. ನೀವು ಹೋಗುವ ದಿಕ್ಕಿಗೆ ಹೋಲ್ಡರ್ ಸ್ವಲ್ಪ ವಾಲಿರಲಿ.

ಈಗ ಮುಖ್ಯ ವಿಷಯ. ಕಿಡಿಯ ಬೆಳಕನ್ನು ನೋಡಬೇಡಿ, ಅದರ ಹಿಂದೆ ಕರಗಿ ನಿಂತ ಕಬ್ಬಿಣವನ್ನು ನೋಡಿ. ಕಪ್ಪು ಗ್ಲಾಸಿನ ಒಳಗಿನಿಂದ ಮೊದಮೊದಲು ಎಲ್ಲ ಒಂದೇ ಥರ ಹಸಿರಾಗಿ ಕಾಣುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಎರಡು ಬೇರೆ ಬೇರೆ ದ್ರವ ಕಾಣಿಸುತ್ತವೆ. ಮುಂದೆ, ತಿಳಿಯಾಗಿ, ನಡುಗುತ್ತಾ ಇರುವುದು ಕಬ್ಬಿಣ. ಅದರ ಮೇಲೆ ಹಿಂದಿನಿಂದ ತೆವಳಿಕೊಂಡು ಬರುವ ಮಬ್ಬು ಪದರ ಸ್ಲ್ಯಾಗು, ಅಂದರೆ ರಾಡಿನ ಮದ್ದು ಕರಗಿ ಆಗುವ ಕಿಟ್ಟ. ಸ್ಲ್ಯಾಗು ರಾಡಿನ ತುದಿಯನ್ನು ದಾಟಿ ಮುಂದೆ ಹೋಯಿತು ಅಂದರೆ ಅದು ವೆಲ್ಡಿನ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಒಂದೋ ಆಂಪಿಯರ್ ಕಡಿಮೆ ಇದೆ, ಇಲ್ಲವೇ ನೀವು ತುಂಬಾ ನಿಧಾನ ಹೋಗುತ್ತಿದ್ದೀರಿ. ಕರಗಿದ ಕಬ್ಬಿಣ ಜಾಯಿಂಟಿನ ಎರಡೂ ಕಡೆಯ ಅಂಚನ್ನು ತಿನ್ನುತ್ತಾ ಸಾಗುವುದು ಕಾಣಬೇಕು. ಹಾಗೆ ಕಾಣದೆ ಬಿದ್ದ ಗುಡ್ಡೆ ಬರೀ ಮೇಲೆ ಕೂತಿರುತ್ತದೆ, ಹಿಡಿದಿರುವುದಿಲ್ಲ.

ಕಲಿತಿದ್ದೀರೋ ಇಲ್ಲವೋ ಅಂತ ತಿಳಿಯಲು ಎರಡು ಪಟ್ಟಿಗಳನ್ನು ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಕಡೆ ವೆಲ್ಡ್ ಮಾಡಿ. ಪೂರ್ತಿ ಆರಿದ ಮೇಲೆ ನಿಂತ ಪಟ್ಟಿಯನ್ನು ಸುತ್ತಿಗೆಯಿಂದ ವೆಲ್ಡ್ ಇರುವ ಕಡೆಗೇ ಬಗ್ಗಿಸಿ ಮುರಿಯಿರಿ. ಒಡೆದ ಮುಖದಲ್ಲಿ ಬುಡದ ತನಕ ಬೂದು ಬಣ್ಣದ ಕಬ್ಬಿಣವೇ ಕಂಡರೆ ಕೈಗಾಡಿಗೆ ಕೈ ಹಾಕಬಹುದು. ಕಪ್ಪು ಗೆರೆ ಕಂಡರೆ ಸ್ಲ್ಯಾಗು ಉಳಿದಿದೆ. ಪಟ್ಟಿಯ ಮೂಲ ಅಂಚು ಹಾಗೇ ಚೂಪಾಗಿ ಉಳಿದಿದ್ದರೆ ಬುಡ ಕರಗೇ ಇಲ್ಲ. ಇನ್ನೂ ಸ್ವಲ್ಪ ದಿನ ಪಟ್ಟಿ ಮೇಲೆಯೇ ಅಭ್ಯಾಸ ಮಾಡಿ.

ಪ್ರಶ್ನೆ: ಸರ್, ಟೆರೇಸಿನಲ್ಲಿ ಹೂಕುಂಡದ ಸ್ಟ್ಯಾಂಡ್ ಮಾಡಬೇಕು ಅಂತ ಆಸೆ. ಮನೆಯ ವಾಷಿಂಗ್ ಮಷೀನಿನ ಸಾಕೆಟ್‌ಗೆ ವೆಲ್ಡಿಂಗ್ ಮಷೀನ್ ಹಾಕಬಹುದಾ?
— ಗೃಹಿಣಿ, ದಾವಣಗೆರೆ

ಉತ್ತರ: ಅದು 16 ಆಂಪಿಯರ್ ಸಾಕೆಟ್ ಆಗಿದ್ದು, ವೈರಿಂಗ್ ಚೆನ್ನಾಗಿದ್ದರೆ 2.5 ರಾಡಿನ ಕೆಲಸಕ್ಕೆ ಸಾಕಮ್ಮಾ. ರಾಡಿನ ತುದಿಯಲ್ಲಿ 80 ಆಂಪಿಯರ್ ಇದ್ದರೂ ಅಲ್ಲಿ ವೋಲ್ಟೇಜು ಬರೀ 23ರ ಆಸುಪಾಸು. ಹಾಗಾಗಿ ಗೋಡೆಯಿಂದ ಎಳೆಯುವುದು 13-14 ಆಂಪಿಯರ್ ಅಷ್ಟೇ. ಅದೇ ಮಷೀನನ್ನು 200ಕ್ಕೆ ತಿರುಗಿಸಿದರೆ 40ರ ಹತ್ತಿರ ಹೋಗುತ್ತದೆ. ಅದು ಮನೆಯ ಸಾಕೆಟ್ಟಿನ ಕೆಲಸವಲ್ಲ. ಮುಂದೆ ಜಾಸ್ತಿ ಮಾಡುವ ಯೋಚನೆ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಬೋರ್ಡಿನಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಬೇರೆ ಲೈನ್ ಎಳೆಸಿ, ಅದಕ್ಕೇ ಒಂದು ಎಂಸಿಬಿ ಹಾಕಿಸಿ. ಅರ್ತಿಂಗ್ ಇದೆಯಾ ಅಂತ ಅವರ ಕೈಲೇ ಪರೀಕ್ಷೆ ಮಾಡಿಸಿ.

ಟೆರೇಸು ಅಂದಿರಲ್ಲ, ಮಳೆ ಬಂದು ನೆಲ ಒದ್ದೆಯಾಗಿದ್ದರೆ ಆ ದಿನ ಬೇಡ. ಕೆಲಸ ನಡೆಯದೆ ಸುಮ್ನೆ ಆನ್ ಆಗಿರುವಾಗ ಹೋಲ್ಡರಿನಲ್ಲಿ 60-70 ವೋಲ್ಟ್ ಇರುತ್ತದೆ. ಒಣ ಕೈಗೆ ಅದು ಗೊತ್ತೇ ಆಗದಿರಬಹುದು, ಬೆವರಿದ ಕೈ ಮತ್ತು ಒದ್ದೆ ನೆಲ ಸೇರಿದರೆ ಅಪಾಯ. ಇನ್ನೊಂದು ಮಾತು. ಅಕ್ಕಪಕ್ಕದವರು ಬಂದು ದುಡ್ಡು ಕೊಟ್ಟು ಮಾಡಿಸಿಕೊಳ್ಳಲು ಶುರು ಮಾಡಿದರೆ ಮನೆಯ ಮೀಟರಿನಲ್ಲಿ ಮುಂದುವರಿಸಬೇಡಿ. ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ಪ್ರಶ್ನೆ: ಸರ, ಆಡಿನ ಶೆಡ್ಡಿಗೆ ಜಿಐ ಪೈಪ್ ವೆಲ್ಡ್ ಮಾಡಿದೆ. ಇಡೀ ದಿನ ಬಿಳೀ ಹೊಗೆ. ರಾತ್ರಿ ಮೈಯೆಲ್ಲ ನಡುಕ, ಜ್ವರ, ಬಾಯಲ್ಲಿ ಏನೋ ಲೋಹದ ರುಚಿ. ಎರಡು ದಿನಕ್ಕೆ ತಾನೇ ಹೋಯಿತು. ಹಾಲು, ಬೆಲ್ಲ ತಗೊಂಡು ಕೆಲಸ ಮಾಡಿದರೆ ಏನೂ ಆಗುವುದಿಲ್ಲ ಅಂತ ಊರಿನ ವೆಲ್ಡರ್ ಹೇಳುತ್ತಾರೆ. ನಿಜವೇ?
— ಕುರಿ-ಆಡು ಸಾಕಣೆದಾರರು, ಹಾವೇರಿ ಜಿಲ್ಲೆ

ಉತ್ತರ: ನಿಜವಲ್ಲ. ಈ ಹಾಲು-ಬೆಲ್ಲದ ಮಾತು ನಮ್ಮ ಕಡೆಯ ಶೆಡ್ಡುಗಳಲ್ಲೂ ಓಡಾಡುತ್ತದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಹಾಲು ಕುಡಿಯಬೇಡಿ ಅನ್ನುತ್ತಿಲ್ಲ. ಆದರೆ ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಕುಡಿದಿದ್ದೇನಲ್ಲ ಅನ್ನುವ ಧೈರ್ಯದಲ್ಲಿ ಜನ ಹೊಗೆಯಲ್ಲೇ ಮುಖ ಇಟ್ಟು ಕೆಲಸ ಮಾಡುತ್ತಾರೆ. ನನಗೆ ಸಂಕಟ ಆಗುವುದು ಇಲ್ಲಿ.

ಜಿಐ ಪೈಪಿನ ಮೇಲಿರುವುದು ಸತು. ಸತು ಕುದಿಯುವುದು 907 ಡಿಗ್ರಿಯಲ್ಲಿ. ಕಬ್ಬಿಣ ಕರಗಲು 1500ರ ಹತ್ತಿರ ಬೇಕು. ಅಂದರೆ ಪೈಪು ಕರಗುವ ಮುಂಚೆಯೇ ಸತು ಕುದ್ದು ಆವಿಯಾಗಿ, ಗಾಳಿ ತಾಗಿದ ಕೂಡಲೇ ಬಿಳೀ ಪುಡಿಯಾಗುತ್ತದೆ. ಆ ಬಿಳೀ ಹೊಗೆಯೇ ಅದು. ಉಸಿರಲ್ಲಿ ಎಳೆದುಕೊಂಡರೆ ಕೆಲವು ಗಂಟೆ ಬಿಟ್ಟು ಚಳಿ-ಜ್ವರ, ಮೈಕೈ ನೋವು, ಬಾಯಾರಿಕೆ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟ ಆದರೆ, ಎದೆ ಬಿಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬರೀ ಜ್ವರ ಅನ್ನಬೇಡಿ, ವೆಲ್ಡಿಂಗ್ ಮಾಡಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಶೆಡ್ಡಿಗೆ ನನ್ನ ಸಲಹೆ ಜಿಐ ಪೈಪಿಗೆ ವೆಲ್ಡಿಂಗೇ ಬೇಡ ಅನ್ನುವುದು. ಕ್ಲ್ಯಾಂಪು, ಬೋಲ್ಟು ಹಾಕಿ ಜೋಡಿಸಿ. ಸತುವಿನ ಪದರ ಉಳಿಯುತ್ತದೆ, ಅದಕ್ಕೆ ತಾನೇ ನೀವು ಜಾಸ್ತಿ ದುಡ್ಡು ಕೊಟ್ಟಿದ್ದು? ವೆಲ್ಡ್ ಮಾಡಲೇಬೇಕಾದ ಕಡೆ ಜಾಯಿಂಟಿನ ಎರಡೂ ಪಕ್ಕ ಒಂದೆರಡು ಇಂಚು ಸತುವನ್ನು ಉಜ್ಜಿ ತೆಗೆಯಿರಿ. ಉಜ್ಜುವಾಗಲೂ ಮಾಸ್ಕ್ ಇರಲಿ. ಪೈಪಿನ ಒಳಗಡೆಯ ಸತು ಹೇಗೂ ಉಳಿಯುತ್ತದೆ, ಹಾಗಾಗಿ ಬಯಲಿನಲ್ಲಿ ಮಾಡಿ. ಗಾಳಿ ಪಕ್ಕದಿಂದ ಬೀಸುವಂತೆ ನಿಂತುಕೊಳ್ಳಿ. ಹೊಗೆ ನೇರ ಮೇಲಕ್ಕೆ ಏಳುತ್ತದೆ, ಜಾಯಿಂಟಿನ ಮೇಲೆ ತಲೆ ಬಗ್ಗಿಸಿದರೆ ಹೆಲ್ಮೆಟ್ಟಿನ ಒಳಗೇ ಬಂದು ತುಂಬಿಕೊಳ್ಳುತ್ತದೆ. ಟವೆಲ್ ಕಟ್ಟಿಕೊಂಡರೆ ಈ ಹೊಗೆ ನಿಲ್ಲುವುದಿಲ್ಲ. ಕನಿಷ್ಠ ಎನ್95 ದರ್ಜೆಯ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ಕೆಲಸ ಮುಗಿದ ಮೇಲೆ ಬೆತ್ತಲಾದ ಜಾಗಕ್ಕೆ ಜಿಂಕ್ ಪೇಂಟ್ ಹಚ್ಚಿ.

ಗುಜರಿಯಿಂದ ತಂದ, ಏನು ಲೇಪನ ಅಂತ ಗೊತ್ತಿಲ್ಲದ ಹಳೆಯ ಬೋಲ್ಟು-ನಟ್ಟುಗಳನ್ನು ವೆಲ್ಡ್ ಮಾಡಲೇಬೇಡಿ. ಅದು ಕ್ಯಾಡ್ಮಿಯಂ ಆಗಿದ್ದರೆ ಅದರ ಹೊಗೆ ಜ್ವರಕ್ಕೆ ನಿಲ್ಲುವುದಿಲ್ಲ, ಪ್ರಾಣ ತೆಗೆಯಬಲ್ಲದು.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ವಿದ್ಯಾರ್ಥಿ. ರಜೆಯಲ್ಲಿ ಮಾವನ ಶೆಡ್ಡಿನಲ್ಲಿ ಹೆಲ್ಪರ್ ಆಗಿದ್ದೆ. ನಾನು ವೆಲ್ಡ್ ಮಾಡಲಿಲ್ಲ, ಪೈಪ್ ಹಿಡಿದುಕೊಂಡಿದ್ದೆ ಅಷ್ಟೇ. ಮಧ್ಯರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ. ಅಜ್ಜಿ ಆಲೂಗಡ್ಡೆ ಬಿಲ್ಲೆ ಇಟ್ಟರು. ಎದೆಹಾಲು ಹಾಕಿದರೆ ಬೇಗ ಹೋಗುತ್ತದೆ ಅಂತಲೂ ಹೇಳಿದರು. ಮುಂದೆ ದೃಷ್ಟಿಗೆ ತೊಂದರೆ ಆಗುತ್ತಾ?
— ವಿದ್ಯಾರ್ಥಿ, ತುಮಕೂರು

ಉತ್ತರ: ಹೆದರಬೇಡ ತಮ್ಮಾ. ಒಂದು ಸಲ ಆದದ್ದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಆದರೆ ಪದೇ ಪದೇ ಆಗಲು ಬಿಡಬಾರದು. ಕಿಡಿಯಿಂದ ಬರುವ ಅಲ್ಟ್ರಾವಯಲೆಟ್ ಬೆಳಕು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಸುಟ್ಟಾಗ ನೋವಿರುವುದಿಲ್ಲ, ಆರು ಗಂಟೆಯೋ ಹನ್ನೆರಡು ಗಂಟೆಯೋ ಕಳೆದ ಮೇಲೆ ಶುರುವಾಗುತ್ತದೆ. ಅದಕ್ಕೇ ನಿನಗೆ ಮಧ್ಯರಾತ್ರಿ ಎಚ್ಚರವಾಯಿತು.

ಆಲೂಗಡ್ಡೆ, ಎದೆಹಾಲು, ರೋಸ್ ವಾಟರ್ ಯಾವುದೂ ಬೇಡ. ಮೇಲ್ಪದರ ಸುಟ್ಟ ಕಣ್ಣಿಗೆ ಶುದ್ಧವಲ್ಲದ್ದು ಬಿದ್ದರೆ ಸೋಂಕು ಆಗಬಹುದು. ಅಜ್ಜಿಗೆ ಬೇಜಾರಾಗದ ಹಾಗೆ ಹೇಳು. ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನ ಶುಭ್ರ ಬಟ್ಟೆ ಇಟ್ಟುಕೊಂಡು ಕತ್ತಲೆ ಕೋಣೆಯಲ್ಲಿ ಮಲಗು, ಕಣ್ಣು ಉಜ್ಜಬೇಡ, ಬೆಳಿಗ್ಗೆ ಕಣ್ಣಿನ ಡಾಕ್ಟರಿಗೆ ತೋರಿಸು. ಮರಗಟ್ಟಿಸುವ ಡ್ರಾಪ್ಸ್ ಅನ್ನು ಮೆಡಿಕಲ್ ಶಾಪಿನಿಂದ ತಂದು ಹಾಕಿಕೊಳ್ಳುತ್ತಾ ಇರಬಾರದು. ನೋವು ಗೊತ್ತಾಗುವುದಿಲ್ಲ ನಿಜ, ಆದರೆ ಗಾಯ ಮಾಯುವುದೂ ಇಲ್ಲ.

ಹೀಗೆ ಕಣ್ಣು ಸುಟ್ಟುಕೊಳ್ಳುವವರಲ್ಲಿ ಹೆಲ್ಪರ್‌ಗಳು ತುಂಬಾ ಜನ. ವೆಲ್ಡರ್ 'ಬರೀ ಟ್ಯಾಕ್ (ಚುಕ್ಕೆಯಷ್ಟು ತಾತ್ಕಾಲಿಕ ವೆಲ್ಡ್) ಅಷ್ಟೇ' ಅನ್ನುತ್ತಾನೆ, ಹೆಲ್ಪರ್ ಮುಖ ತಿರುಗಿಸುತ್ತಾನೆ. ಪಕ್ಕದಿಂದಲೂ ಬೆಳಕು ಬರುತ್ತದೆ, ಸುಣ್ಣ ಹೊಡೆದ ಗೋಡೆಗೆ ಬಡಿದೂ ಬರುತ್ತದೆ. ಹಿಡಿದುಕೊಳ್ಳುವವನಿಗೂ ಒಂದು ಹೆಲ್ಮೆಟ್ ಇರಲೇಬೇಕು ಅಂತ ಮಾವನಿಗೆ ನನ್ನ ಹೆಸರಲ್ಲಿ ಹೇಳು. ನಂಬರ್ ಜಾಸ್ತಿಯಾದಷ್ಟೂ ಗ್ಲಾಸು ಕಪ್ಪು. 2.5 ರಾಡಿಗೆ 10 ನಂಬರ್ ಗ್ಲಾಸು, ಅದಕ್ಕಿಂತ ದಪ್ಪದ ರಾಡಿಗೆ 11. ಗ್ಯಾಸ್ ವೆಲ್ಡಿಂಗಿನ ಹಸಿರು ಕನ್ನಡಕ 5 ನಂಬರಿನ ಆಸುಪಾಸಿನದು, ಅದು ಇದಕ್ಕೆ ಸಾಲದು. ಕೂಲಿಂಗ್ ಗ್ಲಾಸಂತೂ ಲೆಕ್ಕಕ್ಕೇ ಇಲ್ಲ.

ಪ್ರಶ್ನೆ: 200 ಲೀಟರಿನ ಹಳೆ ಡೀಸೆಲ್ ಡ್ರಮ್ ಇದೆ. ತೊಳೆದಿದ್ದೇನೆ. ಕೊಯ್ದು ನೀರೊಲೆ ಮಾಡಬಹುದಾ?
— ಓದುಗರು, ಚಳ್ಳಕೆರೆ

ಉತ್ತರ: ಬೇಡ. ತೊಳೆದರೂ ಬೇಡ. ಡ್ರಮ್ಮಿನ ಮಡಿಕೆಯ ಅಂಚಿನಲ್ಲಿ ಎಣ್ಣೆ ಉಳಿದಿರುತ್ತದೆ. ಬಿಸಿ ತಾಗಿದಾಗ ಅದು ಆವಿಯಾಗಿ ಒಳಗಿನ ಗಾಳಿ ಜೊತೆ ಸೇರಿ ಡ್ರಮ್ ಸಿಡಿಯುತ್ತದೆ. ವೆಲ್ಡಿಂಗೇ ಬೇಕಿಲ್ಲ, ಗ್ರೈಂಡರಿನ ಕಿಡಿ ಸಾಕು. ಬೈಕಿನ ಟ್ಯಾಂಕಿಗೂ ಇದೇ ಮಾತು. ಒಲೆಗೆ ಹೊಸ ತಗಡು ತಗೊಳ್ಳಿ.

ಪ್ರಶ್ನೆ: ಮೇಷ್ಟ್ರೇ, 40×40 ಸ್ಕ್ವೇರ್ ಪೈಪಿನಲ್ಲಿ ಕಾಂಪೌಂಡ್ ಗೇಟ್ ಮಾಡಿದೆ. ನೆಲದ ಮೇಲಿಟ್ಟು ಅಳೆದಾಗ ಸರಿ ಇತ್ತು. ವೆಲ್ಡ್ ಮುಗಿದ ಮೇಲೆ ನೋಡಿದರೆ ಒಂದು ಮೂಲೆ ಎದ್ದಿದೆ, ಚೌಕವೂ ಓರೆ. ಪೈಪ್ ಕಳಪೆಯಾ?
— ಶಾಲಾ ಶಿಕ್ಷಕರು, ಹಾಸನ

ಉತ್ತರ: ಪೈಪಿನದ್ದು ತಪ್ಪಿಲ್ಲ. ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ತನ್ನ ಕಡೆಗೆ ಪೈಪನ್ನು ಎಳೆದುಕೊಳ್ಳುತ್ತದೆ. ಇದನ್ನು ನಿಲ್ಲಿಸಲು ಆಗುವುದಿಲ್ಲ. ಒಂದು ಕಡೆಯ ಎಳೆತಕ್ಕೆ ಇನ್ನೊಂದು ಕಡೆಯಿಂದ ಎಳೆತ ಕೊಟ್ಟು ಸರಿದೂಗಿಸಬಹುದು ಅಷ್ಟೇ. ನೀವು ಒಂದು ಮೂಲೆ ಸುತ್ತಲೂ ಪೂರ್ತಿ ಮುಗಿಸಿ, ಆಮೇಲೆ ಮುಂದಿನ ಮೂಲೆಗೆ ಹೋಗಿರಬೇಕು, ಅಲ್ವಾ?

ಪೈಪು ಕತ್ತರಿಸುವಾಗಲೇ ಅರ್ಧ ಗೇಟು ನಿರ್ಧಾರ ಆಗಿರುತ್ತದೆ. 45 ಡಿಗ್ರಿ ಕೊಯ್ತ ಸರಿ ಬಾರದೆ ಸಂದಿ ಉಳಿದರೆ, ಆ ಸಂದಿ ತುಂಬಲು ಜಾಸ್ತಿ ರಾಡ್ ಸುರಿಯುತ್ತೀರಿ. ಜಾಸ್ತಿ ಸುರಿದಷ್ಟೂ ಜಾಸ್ತಿ ಎಳೆತ. ಸಂದಿ ಇದ್ದರೆ ಉಜ್ಜಿ ಕೂರಿಸಿ, ಇಲ್ಲವೇ ಹೊಸ ತುಂಡು ಕೊಯ್ಯಿರಿ. ಆಮೇಲೆ ಮೂಲೆಗೊಂದು ಸಣ್ಣ ಟ್ಯಾಕ್ ಹಾಕಿ, ಕರ್ಣ ಅಳೆಯಿರಿ. ಎರಡೂ ಕರ್ಣ ಒಂದೇ ಬರಬೇಕು. ಬರದಿದ್ದರೆ ಉದ್ದದ ಕರ್ಣದ ಮೂಲೆಯನ್ನು ತಟ್ಟಿ ಸರಿ ಮಾಡಿ. ಟ್ಯಾಕ್ ಇರುವುದೇ ಅದಕ್ಕೆ. ಒಂದೇ ಮೂಲೆ ಪರೀಕ್ಷಿಸಬೇಕಿದ್ದರೆ ಗಾರೆ ಕೆಲಸದವರ 3-4-5 ಅಡಿ ಲೆಕ್ಕ ಇದೆಯಲ್ಲ, ಅದೇ ಸಾಕು: ಮೂಲೆಯಿಂದ ಒಂದು ಕಡೆ 3, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿದರೆ ಗುರುತುಗಳ ನಡುವೆ 5 ಅಡಿ ಬರಬೇಕು. ಕರ್ಣ ಕೂಡಿದ ಮೇಲೆ ಅಡ್ಡಲಾಗಿ ಒಂದು ಪಟ್ಟಿಯನ್ನು ತಾತ್ಕಾಲಿಕವಾಗಿ ಟ್ಯಾಕ್ ಮಾಡಿ ಕಟ್ಟಿಬಿಡಿ.

ಈಗ ವೆಲ್ಡು. ಒಂದು ಮೂಲೆಯಲ್ಲಿ ಒಂದು ಗೆರೆ, ಮುಂದಿನ ಗೆರೆ ಎದುರು ಮೂಲೆಯಲ್ಲಿ. ಮೇಲಿನ ಮುಖದಲ್ಲಿ ಒಂದು ಹಾಕಿದರೆ ಗೇಟು ತಿರುವಿ ಕೆಳಗಿನ ಮುಖದಲ್ಲಿ ಒಂದು. ನಡುವೆ ಆರಲು ಬಿಡಿ. ನೀರು ಸುರಿದು ಆರಿಸಬೇಡಿ. ಅವಸರ ಇದ್ದವರು ಗೇಟು ಮಾಡಬಾರದು.

ಈಗಿರುವ ಗೇಟಿಗೆ ಪರಿಹಾರ: 1 ಮಿ.ಮೀ. ಕಟಿಂಗ್ ವೀಲಿನಿಂದ ಕೆಟ್ಟ ಎರಡು ಮೂಲೆಗಳನ್ನು ಕೊಯ್ದು ಬಿಡಿಸಿ, ಕರ್ಣ ಸರಿ ಮಾಡಿ, ಮತ್ತೆ ಟ್ಯಾಕ್‌ನಿಂದ ಶುರು ಮಾಡಿ. ಸುತ್ತಿಗೆಯಲ್ಲಿ ಬಡಿದು ಸರಿ ಮಾಡಲು ಹೋದರೆ ಪೈಪು ತಗ್ಗುತ್ತದೆ, ಓರೆ ಹಾಗೇ ಉಳಿಯುತ್ತದೆ.

ಪ್ರಶ್ನೆ: ಅಮ್ಮನ ಹಳೆಯ ಹೊಲಿಗೆ ಮಷೀನಿನ ಬೀಡಿನ (ಎರಕದ ಕಬ್ಬಿಣದ) ಕಾಲು ಮುರಿದಿದೆ. ವೆಲ್ಡ್ ಮಾಡಿಸಿದ್ದೆ, ಪಕ್ಕದಲ್ಲೇ ಟಣ್ ಅಂತ ಬಿರುಕು ಬಿಟ್ಟಿತು.
— ಟೈಲರ್, ಗದಗ

ಉತ್ತರ: ಬೀಡು ಸಾಮಾನ್ಯ ಕಬ್ಬಿಣದ ಹಾಗೆ ಬಾಗುವುದಿಲ್ಲ. ಅದರಲ್ಲಿ ಇಂಗಾಲ ಜಾಸ್ತಿ. ವೆಲ್ಡಿನ ಪಕ್ಕದ ಜಾಗ ಬೇಗ ಆರಿ ಗಡುಸಾಗುತ್ತದೆ, ಎಳೆತ ತಾಳದೆ ಬಿರುಕು ಬಿಡುತ್ತದೆ. ಇದಕ್ಕೆ ನಿಕ್ಕಲ್ ರಾಡು ಬೇಕು. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು, ಒಂದು ಸಲಕ್ಕೆ ಒಂದೇ ಇಂಚು ಹಾಕಿ, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೈ ಇಡುವಷ್ಟು ಆರಿದ ಮೇಲೆ ಮುಂದಿನ ಇಂಚು. ಆದರೆ ಅಮ್ಮನ ಮಷೀನು ಅಂದಿರಿ. ನಾನಾಗಿದ್ದರೆ ವೆಲ್ಡ್ ಮಾಡದೆ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿಸುತ್ತಿದ್ದೆ. ಬೀಡು ಕರಗುವುದಿಲ್ಲ, ಹಾಗಾಗಿ ಬಿರುಕಿನ ಭಯ ಕಡಿಮೆ. ಅದೂ ಸಿಗದಿದ್ದರೆ ಹಿಂದುಗಡೆಯಿಂದ ಫ್ಲಾಟ್ ಪಟ್ಟಿ ಇಟ್ಟು ಬೋಲ್ಟ್ ಹಾಕಿ, ಕಾಲಿನ ಮುಂದುಗಡೆ ಹೂವಿನ ವಿನ್ಯಾಸ ಇದ್ದರೆ ಅದು ಹಾಗೇ ಉಳಿಯುತ್ತದೆ.

ಪ್ರಶ್ನೆ: ಗ್ರೈಂಡರಿನ ಗಾರ್ಡ್ ಅಡ್ಡ ಬರುತ್ತದೆ, ತೆಗೆದು ಕೆಲಸ ಮಾಡುತ್ತೇನೆ. ಪರವಾಗಿಲ್ವಾ?
— ಓದುಗರು, ಮೈಸೂರು

ಉತ್ತರ: ಪರವಾಗಿದೆ. ಈಗಲೇ ಹಾಕಿ. 4 ಇಂಚಿನ ಗ್ರೈಂಡರು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಒಡೆದ ವೀಲಿನ ಚೂರು ಮುಖಕ್ಕೆ ಬರದಂತೆ ತಡೆಯುವುದು ಅದೊಂದೇ ತಗಡು. ದೊಡ್ಡ ವೀಲು ಹಾಕಲೆಂದು ಗಾರ್ಡ್ ತೆಗೆಯುವವರೂ ಇದ್ದಾರೆ, ಅದು ಇನ್ನೂ ಅಪಾಯ. ಚಿಕ್ಕ ಮಷೀನಿನ ವೇಗಕ್ಕೆ ದೊಡ್ಡ ವೀಲು ತಡೆಯುವುದಿಲ್ಲ. ವೀಲಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಅಚ್ಚಾಗಿದ್ದರೆ ಓದಿ. ಆ ತಾರೀಖು ದಾಟಿದ ವೀಲು ಬಳಸಬೇಡಿ.

ಪ್ರಶ್ನೆ: ಕಿಟಕಿಗೆ ಗ್ರಿಲ್ ನಾನೇ ಮಾಡಿದೆ, ಎರಡು ಕೋಟ್ ಪೇಂಟ್ ಹೊಡೆದೆ. ಒಂದು ಮಳೆಗಾಲಕ್ಕೇ ವೆಲ್ಡ್ ಇರುವ ಜಾಗದಿಂದ ತುಕ್ಕಿನ ನೀರು ಇಳಿಯುತ್ತಿದೆ.
— ಓದುಗರು, ಕುಂದಾಪುರ

ಉತ್ತರ: ಕಡಲ ಗಾಳಿಯ ಉಪ್ಪು ಒಂದು ಕಾರಣ. ಆದರೆ ವೆಲ್ಡಿನ ಜಾಗದಿಂದಲೇ ಶುರುವಾಗಿದೆ ಅಂದರೆ ಸ್ಲ್ಯಾಗಿನ ಮೇಲೆ ಪೇಂಟ್ ಹೊಡೆದಿದ್ದೀರಿ. ಸ್ಲ್ಯಾಗು ಗಾಜಿನ ಹಾಗೆ ಕಂಡರೂ ಸ್ವಲ್ಪ ದಿನಕ್ಕೆ ಕಳಚುತ್ತದೆ, ಜೊತೆಗೆ ಪೇಂಟನ್ನೂ ಕಳಚಿಕೊಂಡು ಹೋಗುತ್ತದೆ. ಮೂಲೆಗಳನ್ನು ಚಿಪ್ಪಿಂಗ್ ಸುತ್ತಿಗೆಯ ಚೂಪು ತುದಿಯಿಂದ ಕೆದಕಿ, ವೈರ್ ಬ್ರಷ್‌ನಿಂದ ಉಜ್ಜಿ. ಸಿಡಿದು ಅಂಟಿದ ಗುಂಡುಗಳನ್ನು ಉಳಿಯಿಂದ ಎಬ್ಬಿಸಿ. ಸಿಹಿನೀರಿನಲ್ಲಿ ಉಪ್ಪು ತೊಳೆದು ಒಣಗಿಸಿ, ಅದೇ ದಿನ ಪ್ರೈಮರ್ ಹಚ್ಚಿ. ಕರಾವಳಿಗೆ ಬರೀ ರೆಡ್ ಆಕ್ಸೈಡ್ ಸಾಲದು, ಎಪಾಕ್ಸಿ ಜಿಂಕ್ ಪ್ರೈಮರ್ ಕೇಳಿ ತಗೊಳ್ಳಿ. ಮೊದಲ ಕೋಟನ್ನು ವೆಲ್ಡಿನ ಗೆರೆಗಳಿಗೆ, ಚೂಪು ಅಂಚುಗಳಿಗೆ ಸಣ್ಣ ಬ್ರಷ್ಷಿನಿಂದ ಪ್ರತ್ಯೇಕವಾಗಿ ಹಚ್ಚಿ, ಆಮೇಲೆ ಪೂರ್ತಿ ಗ್ರಿಲ್ಲಿಗೆ. ಸ್ಕ್ವೇರ್ ಪೈಪ್ ಬಳಸಿದ್ದರೆ ತೆರೆದ ಬಾಯಿಗಳನ್ನು ತಗಡಿನಿಂದ ಪೂರ್ತಿ ಮುಚ್ಚಿ ವೆಲ್ಡ್ ಮಾಡಿ, ಇಲ್ಲದಿದ್ದರೆ ಒಳಗಿನಿಂದ ತಿನ್ನುತ್ತದೆ. ಸತತ ಬಿಸಿಲಿರುವ ದಿನಗಳನ್ನು ನೋಡಿಕೊಂಡು ಈ ಕೆಲಸಕ್ಕೆ ಕೈ ಹಾಕಿ.